ಘಾಟಿ ಹತ್ತುವ ಗಾಡಿಗೆ ತಂಪು ಎಲ್ಲಿಂದ

ಮಂಗಳೂರಿನ ಕೊಡಿಯಾಲ್‌ಬೈಲಿನ ನವಭಾರತ ವೃತ್ತ ಇಂದಿಗೂ ಹೊತ್ತಿರುವುದು ನಿಂತುಹೋದ ಕನ್ನಡ ದೈನಿಕವೊಂದರ ಹೆಸರನ್ನು. 1941ರಲ್ಲಿ ಆ ಪತ್ರಿಕೆಯನ್ನು ಆರಂಭಿಸಿದ ವಿ.ಎಸ್. ಕುಡ್ವರು ಮೋಟಾರು ಉದ್ಯಮದವರು. ಜನ ಸಿಪಿಸಿ ಎಂದು ಕರೆಯುತ್ತಿದ್ದ ಬಸ್ ಸಂಸ್ಥೆ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯ ಜೊತೆಗೂ, ಗಾಡಿಗಳಿಗೆ ಸ್ಪ್ರಿಂಗ್ ಪಟ್ಟಿ ಮಾಡಿಕೊಟ್ಟ ಕೆನರಾ ವರ್ಕ್‌ಶಾಪ್ಸ್ ಜೊತೆಗೂ ಅವರ ಹೆಸರು ಬೆಸೆದುಕೊಂಡಿದೆ. ಸಿಪಿಸಿ ಹುಟ್ಟಿದ್ದು 1914ರಲ್ಲಿ. ಅಂದರೆ ಎಂಜಿನ್ನಿನ ಕಾವನ್ನು ಕರಾವಳಿಯ ಸೆಕೆಯಲ್ಲಿ, ಪಶ್ಚಿಮ ಘಟ್ಟದ ಏರಿನಲ್ಲಿ ನಿಭಾಯಿಸುವ ಕಸುಬಿಗೆ ಇಲ್ಲಿ ನೂರು ವರ್ಷ ದಾಟಿದೆ. ಟರ್ಬೊ ಕಾರಿನ ಶಕ್ತಿ ಹೆಚ್ಚಿಸಲು ಹೊರಟವರು ಟರ್ಬೊ ಒತ್ತಿ ಕಾಯಿಸಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎಲ್ಲಿ ಕೂರಿಸಬೇಕೆಂಬ ಪ್ರಶ್ನೆಗೆ ಜಪಾನಿನ ರ್‍ಯಾಲಿ ಕಾರುಗಳಲ್ಲಿ ಉತ್ತರ ಹುಡುಕುತ್ತಾರೆ. ಈ ಜಿಲ್ಲೆಯ ರಸ್ತೆಗೆ ಹೊಂದುವ ಉತ್ತರ ಇಲ್ಲಿನ ಬಸ್ಸು ಲಾರಿಗಳ ಚರಿತ್ರೆಯಲ್ಲೇ ಇದೆ ಎಂಬುದು ನನ್ನ ವಾದ.

ಎರಡನೇ ಮಹಾಯುದ್ಧದ ಕಾಲದ ಇದ್ದಿಲು ಬಸ್ಸನ್ನೇ ನೋಡಿ. ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸಿಗೊಂದು ಉರುಟು ಒಲೆ ಕಟ್ಟಿ, ಇದ್ದಿಲನ್ನು ಅರೆಬರೆ ಸುಟ್ಟು, ಹೊರಬಂದ ಅನಿಲದಲ್ಲೇ ಎಂಜಿನ್ ಓಡಿಸಿದರು. ಒಲೆಯಿಂದ ನೂರಾರು ಡಿಗ್ರಿ ಬಿಸಿಯಲ್ಲಿ ಹೊರಡುವ ಅನಿಲ ಹಿಗ್ಗಿ ತೆಳುವಾಗಿರುತ್ತದೆ. ಹಾಗೆಯೇ ಒಳಗೆ ಬಿಟ್ಟರೆ ಸಿಲಿಂಡರಿನಲ್ಲಿ ಹಿಡಿಯುವುದು ಅತ್ಯಲ್ಪ. ಆದ್ದರಿಂದ ಅದನ್ನು ಕೊಳವೆಗಳ ಕೂಲರಿನಲ್ಲಿ ಹಾಯಿಸಿ, ತಣಿಸಿ, ಸೋಸಿ ಎಂಜಿನ್ನಿಗೆ ಕೊಡಬೇಕಿತ್ತು. ಇಷ್ಟೆಲ್ಲ ಮಾಡಿದರೂ ಪೆಟ್ರೋಲಿನ ಶಕ್ತಿಯಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ಖೋತಾ. ಕೂಲರನ್ನು ಚಾಸಿಯ ಕೆಳಗೆ ಕಟ್ಟಿದರೆ ಗಾಡಿ ಓಡುವಾಗ ಮಾತ್ರ ತಂಪು. ರೇಡಿಯೇಟರಿನ ಮುಂದೆ ಕಟ್ಟಿದರೆ ನಿಧಾನಗತಿಯಲ್ಲೂ ಫ್ಯಾನು ಗಾಳಿ ಎಳೆಯುತ್ತದೆ, ಆದರೆ ರೇಡಿಯೇಟರಿಗೆ ಸಿಗುವುದು ಬಿಸಿಗಾಳಿ. ಇಂದು ಇಂಟರ್‌ಕೂಲರ್ ಹಾಕಿಸುವವರ ಎದುರಿಗಿರುವುದೂ ಇದೇ ಇಕ್ಕಟ್ಟು.

ಟರ್ಬೊ ಈ ಇಕ್ಕಟ್ಟನ್ನು ಇನ್ನಷ್ಟು ಬಿಗಿ ಮಾಡಿತು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಈ ಯಂತ್ರ ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಕಾಯುತ್ತದೆ. 30 ಡಿಗ್ರಿಯ ಮಂಗಳೂರಿನ ಗಾಳಿಯನ್ನು 1.8 ಪಟ್ಟು ಒತ್ತಿದರೆ, ಕಂಪ್ರೆಸರಿನ ದಕ್ಷತೆ ಶೇ. 70 ಎಂದುಕೊಂಡರೂ, ಅದು ಸುಮಾರು 110 ಡಿಗ್ರಿಗೇರುತ್ತದೆ. ಒಳ್ಳೆಯ ಇಂಟರ್‌ಕೂಲರ್ ಅದನ್ನು 55ರ ಆಸುಪಾಸಿಗೆ ಇಳಿಸಿದರೆ ಗಾಳಿಯ ಸಾಂದ್ರತೆಯಲ್ಲಿ ಶೇ. 17ರಷ್ಟು ಲಾಭ. ಆದರೆ ದಪ್ಪ ಕೋರು, ಉದ್ದದ ಪೈಪುಗಳಲ್ಲಿ 0.1 ಬಾರ್ ಒತ್ತಡ ಸೋರಿದರೆ ಆ ಲಾಭದ ಮೂರನೆಯ ಒಂದು ಭಾಗ ಅಲ್ಲೇ ಹೋಯಿತು. ಘಟ್ಟದ ಮೇಲೆ ಲೆಕ್ಕ ಇನ್ನೂ ಕಠಿಣ. ಶಿರಾಡಿ ಘಾಟಿ ಹತ್ತಿ ಸುಮಾರು 900 ಮೀಟರ್ ಎತ್ತರದ ಸಕಲೇಶಪುರ ಮುಟ್ಟುವಾಗ ವಾತಾವರಣದ ಒತ್ತಡ ಶೇ. 10ರಷ್ಟು ಕುಸಿದಿರುತ್ತದೆ, ಎಂಜಿನ್ನಿಗೆ ಅಷ್ಟೇ ಗಾಳಿ ತುಂಬಲು ಟರ್ಬೊ ಹೆಚ್ಚು ದುಡಿಯಬೇಕು, ಗಾಳಿ ಹೆಚ್ಚು ಕಾಯಬೇಕು. ಅದೂ ಮುಂದೆ ಲಾರಿಯೊಂದು ಲೋ ಗೇರಿನಲ್ಲಿ ತೆವಳುತ್ತಿರುವಾಗ, ಹಿಂದಿನ ಕಾರಿನ ಮುಖಕ್ಕೆ ಗಾಳಿಯೇ ಬಡಿಯದ ವೇಗದಲ್ಲಿ.

ನಮ್ಮ ರಸ್ತೆಗಳಿಗೆ ಬಂದ ಕಾರುಗಳಲ್ಲೇ ಬೇರೆಬೇರೆ ಉತ್ತರಗಳಿವೆ. 2005ರ ಇನ್ನೋವಾ ಡೀಸೆಲ್‌ಗೆ ಟರ್ಬೊ ಇತ್ತು, ಇಂಟರ್‌ಕೂಲರ್ ಇರಲಿಲ್ಲ. ಟರ್ಬೊ ಒತ್ತುವ ಪ್ರಮಾಣವನ್ನು ಮಿತವಾಗಿಟ್ಟು, ಬಾಳಿಕೆಯನ್ನು ಮುಂದಿಟ್ಟ ನಿರ್ಧಾರ ಅದು. 2009ರ ಫಾರ್ಚುನರ್ ಇಂಟರ್‌ಕೂಲರನ್ನು ಎಂಜಿನ್ನಿನ ನೆತ್ತಿಗೇರಿಸಿ ಬಾನೆಟ್ಟಿನಲ್ಲಿ ಗಾಳಿಬಾಯಿ ತೆರೆಯಿತು: ಪೈಪು ಗಿಡ್ಡ, ಟರ್ಬೊ ಚುರುಕು, ಆದರೆ ನಿಂತಾಗ ಕೆಳಗಿನ ಎಂಜಿನ್ನಿನ ಕಾವೆಲ್ಲ ಅದಕ್ಕೇ. ಕಾರನ್ನು ಬದಲಿಸಿಕೊಳ್ಳುವವರ ಮೆಚ್ಚಿನದು ಬಂಪರಿನ ಹಿಂದಿನ ಭಾರೀ ಇಂಟರ್‌ಕೂಲರ್. ನನ್ನ ತಕರಾರಿರುವುದು ಇಲ್ಲಿ. ಬಸ್ಸು ಲಾರಿಗಳಲ್ಲೂ ಅದು ಮುಂದೆಯೇ ಇದೆ ನಿಜ, ಆದರೆ ಅಲ್ಲಿ ಎಂಜಿನ್ ತಿರುಗಿಸುವ ದೊಡ್ಡ ಫ್ಯಾನಿನ ಎಳೆತದೊಳಗೆ ಇದೆ. ಗಾಡಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿದ್ದರೂ ಅದರೊಳಗೆ ಗಾಳಿ ಹರಿಯುತ್ತದೆ. ಕಾರಿನ ಬಂಪರಿನ ಕೆಳಗೆ ಇಳಿಬಿದ್ದ ಇಂಟರ್‌ಕೂಲರಿನ ಅರ್ಧಭಾಗ ಫ್ಯಾನಿನ ಕೈಗೆ ಸಿಗುವುದೇ ಇಲ್ಲ. ಉಳಿದರ್ಧ ಎಸಿ ಕಂಡೆನ್ಸರನ್ನೂ ರೇಡಿಯೇಟರನ್ನೂ ಮುಚ್ಚುತ್ತದೆ. ಏರು ಮುಗಿಯುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲಕ್ಕೇರಿದರೆ ಆಶ್ಚರ್ಯವೇನು?

ರ್‍ಯಾಲಿಯಲ್ಲಿ ಗೆದ್ದ ಮಿತ್ಸುಬಿಷಿ ಇವೊದಲ್ಲಿ ಇಂಟರ್‌ಕೂಲರ್ ಮುಂದೆಯೇ ಇತ್ತಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ವೇಗವಿದ್ದಲ್ಲಿ ಆ ಜಾಗವೇ ಶ್ರೇಷ್ಠ, ಒಪ್ಪುತ್ತೇನೆ. ಆದರೆ ಅದೇ ರ್‍ಯಾಲಿಗಳಲ್ಲಿ ನೆತ್ತಿಯ ಮೇಲೆ ಇಂಟರ್‌ಕೂಲರ್ ಹೊತ್ತ ಸುಬಾರು ಇಂಪ್ರೆಜಾ ಕೂಡ ಗೆದ್ದಿದೆ. ಜಾಗವೊಂದೇ ಗೆಲುವನ್ನು ನಿರ್ಧರಿಸಲಿಲ್ಲ. ಇಂಟರ್‌ಕೂಲರಿಗೆ ನೀರು ಚಿಮುಕಿಸುವ ಏರ್ಪಾಡು ಎರಡೂ ಕಾರುಗಳಲ್ಲಿತ್ತು, ಅದನ್ನೇ ಇಲ್ಲೂ ಹಾಕಬಹುದಲ್ಲ ಎನ್ನುವವರಿದ್ದಾರೆ. ನೀರು ತಂಪು ಕೊಡುವುದು ಆವಿಯಾಗುವಾಗ. ಬೆವರೇ ಆರದ ಕರಾವಳಿಯ ತೇವದಲ್ಲಿ ಅದರ ಫಲ ಒಣನಾಡಿಗಿಂತ ಕಡಿಮೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಅತಿತಂಪಿನದೂ ಒಂದು ತೊಡಕಿದೆ. ಮಳೆಗಾಲದ 25 ಡಿಗ್ರಿಯ ತೇವಗಾಳಿಯನ್ನು 1.8 ಪಟ್ಟು ಒತ್ತಿ 35 ಡಿಗ್ರಿಗಿಂತ ಕೆಳಗೆ ತಣಿಸಿದರೆ ಇಂಟರ್‌ಕೂಲರಿನೊಳಗೇ ನೀರು ಹನಿಗಟ್ಟುತ್ತದೆ. ಮಳೆಯಲ್ಲಿ ಹದವಾಗಿ ಓಡಿಸುತ್ತಾ ಬಂದು, ಓವರ್‌ಟೇಕಿಗೆಂದು ತಟ್ಟನೆ ಆಕ್ಸಿಲರೇಟರ್ ಒತ್ತಿದಾಗ ಆ ನೀರು ಒಮ್ಮೆಲೇ ಎಂಜಿನ್ನಿಗೆ ನುಗ್ಗಿ ಓಟ ತಡವರಿಸಬಹುದು.

ಹೀಗಾಗಿ ಕೋರು ತೆಳುವಾಗಿರಲಿ, ಪೂರ್ತಿಯಾಗಿ ಫ್ಯಾನಿನ ಎಳೆತದೊಳಗಿರಲಿ, ಅದರ ಹಿಂದಿನ ರೇಡಿಯೇಟರ್ ಒಂದು ಅಳತೆ ದೊಡ್ಡದಾಗಲಿ ಎನ್ನುತ್ತೇನೆ. ದೊಡ್ಡ ಕಂಪೆನಿಗಳೂ ಬೇರೆ ದಾರಿಯಿಂದ ಇದರ ಹತ್ತಿರಕ್ಕೇ ಬಂದಿವೆ. 2020ರಲ್ಲಿ ಪೊಲೊಗೆ ಬಂದ 1.0 ಲೀಟರ್ ಟಿಎಸ್ಐ ಎಂಜಿನ್ನಿನಲ್ಲಿ ಗಾಳಿಯನ್ನು ತಣಿಸುವುದು ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೇ ಅಡಗಿದ ನೀರಿನ ಕೂಲರ್. ಪೈಪು ಗೇಣುದ್ದ, ನೀರನ್ನು ಪಂಪು ಸುತ್ತಿಸುತ್ತದೆ, ಬೇರೊಂದು ರೇಡಿಯೇಟರ್ ತಣಿಸುತ್ತದೆ. ಲಾರಿಯ ಹಿಂದೆ ಎರಡು ನಿಮಿಷ ತೆವಳಿದರೂ ಆ ನೀರು ಒಂದಿಷ್ಟು ಕಾವನ್ನು ನುಂಗಿಕೊಂಡು ಮುಂದಿನ ತಿರುವಿನವರೆಗೆ ಸುಧಾರಿಸಿಕೊಳ್ಳುತ್ತದೆ.