ಬಟ್ಟೆ ಬಿಚ್ಚಿಸಿದವರು ಯಾರು?

ಬೆತ್ತಲೆ ಮೈಗೆ ಜಾತಿಯಿಲ್ಲ, ಬಣ್ಣವಿಲ್ಲ, ಅದು ಬರೀ ಸೌಂದರ್ಯ ಎಂದು ನಮ್ಮ ಕಲಾವಿಮರ್ಶೆ ಹೇಳಿಕೊಡುತ್ತದೆ. ಫೋಟೋಗ್ರಫಿಯ ಚರಿತ್ರೆಯನ್ನು ಒಂಚೂರು ಕೆದಕಿದರೂ ಈ ಮಾತು ನಿಲ್ಲುವುದಿಲ್ಲ.

1840ರಲ್ಲಿ ಫ್ರಾನ್ಸಿನ ಇಪ್ಪೊಲಿತ್ ಬಯಾರ್ ತನ್ನ ಫೋಟೋ ತಾನೇ ತೆಗೆದುಕೊಂಡ. ಫೋಟೋ ತೆಗೆಯುವ ವಿಧಾನವೊಂದನ್ನು ಅವನೂ ಕಂಡುಹಿಡಿದಿದ್ದ. ಸರ್ಕಾರದ ಮನ್ನಣೆ ಮಾತ್ರ ಡಾಗೇರ್‌ಗೆ ಹೋಯಿತು. ಬರಿಮೈಯಲ್ಲಿ ಕಣ್ಮುಚ್ಚಿ ಕೂತು, ನೀರಿಗೆ ಬಿದ್ದು ಸತ್ತವನಂತೆ ನಟಿಸಿ, ತನಗಾದ ಅನ್ಯಾಯವನ್ನು ಹೇಳಿಕೊಂಡ. ಬಟ್ಟೆ ತೆಗೆದವನೂ ಅವನೇ, ಕ್ಯಾಮೆರಾ ಹೂಡಿದವನೂ ಅವನೇ, ಚಿತ್ರದ ಬೆನ್ನಿಗೆ ಅದರ ಅರ್ಥ ಬರೆದವನೂ ಅವನೇ.

ಹತ್ತು ವರ್ಷದ ನಂತರ, 1850ರಲ್ಲಿ, ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಜೋಸೆಫ್ ಝೀಲಿ ಎಂಬ ಫೋಟೋಗ್ರಾಫರನ ಮುಂದೆ ಏಳು ಜನ ಗುಲಾಮರನ್ನು ತಂದರು. ಕರಿಯರು ಬೇರೆಯೇ ಸೃಷ್ಟಿ ಎಂದು ಹಾರ್ವರ್ಡ್ ವಿಜ್ಞಾನಿ ಲೂಯಿ ಅಗಾಸಿ ಸಾಧಿಸಬೇಕಿತ್ತು. ರೆಂಟಿ ಎಂಬಾತನ, ಅವನ ಮಗಳು ಡೀಲಿಯಾಳ ಬಟ್ಟೆ ಬಿಚ್ಚಿಸಿ ಫೋಟೋ ತೆಗೆದರು. ಅವರನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ. ಬಯಾರ್‌ನ ಮೈ ಮಾತಾಡಿತು. ಇವರ ಮೈಯನ್ನು ಮಾದರಿ ವಸ್ತು ಮಾಡಲಾಯಿತು.

ನಮ್ಮವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು ಬೆತ್ತಲೆ ಮಾಡಿದರು. ಹಾರ್ವರ್ಡ್‌ನಲ್ಲಿ ವಿಜ್ಞಾನದ ಹೆಸರು, ಇಲ್ಲಿ ಭಕ್ತಿಯ ಹೆಸರು.

ಹಾಗಂತ ಬೆತ್ತಲೆಯೇ ಅವಮಾನ ಅನ್ನೋದೂ ಸುಳ್ಳು. ಜಮೈಕಾ ಮೂಲದ ಕಪ್ಪು ಕಲಾವಿದೆ ರೆನೇ ಕಾಕ್ಸ್ 1996ರಲ್ಲಿ ಕ್ರಿಸ್ತನ ಕೊನೆಯ ಭೋಜನವನ್ನು ಫೋಟೋದಲ್ಲಿ ಕಟ್ಟಿದರು. ಕ್ರಿಸ್ತನ ಜಾಗದಲ್ಲಿ ತಾವೇ ಬೆತ್ತಲೆ ನಿಂತರು. 2001ರಲ್ಲಿ ಅದು ಬ್ರೂಕ್ಲಿನ್ ಮ್ಯೂಸಿಯಂನಲ್ಲಿ ಪ್ರದರ್ಶನವಾದಾಗ ನ್ಯೂಯಾರ್ಕ್ ಮೇಯರ್ ಜೂಲಿಯಾನಿ ಸಭ್ಯತೆಯ ಮಾತೆತ್ತಿದರು. ಡೀಲಿಯಾಳ ಚಿತ್ರವನ್ನು ಅಷ್ಟು ಕಾಲ ಇಟ್ಟುಕೊಂಡಿದ್ದ ಸಮಾಜಕ್ಕೆ, ಕಪ್ಪು ಹೆಣ್ಣು ತಾನೇ ನಿರ್ಧರಿಸಿ ನಿಂತಾಗ ಸಭ್ಯತೆ ನೆನಪಾಯಿತು!

ಆದರೆ ಕಾಕ್ಸ್ ಗೆದ್ದರೆ ಡೀಲಿಯಾ ಗೆದ್ದಂತಾಗುವುದಿಲ್ಲ. ತಾನು ರೆಂಟಿಯ ವಂಶದವಳು ಎಂದು ಟಮಾರಾ ಲೇನಿಯರ್ 2019ರಲ್ಲಿ ಹಾರ್ವರ್ಡ್ ಮೇಲೆ ದಾವೆ ಹೂಡಿದರು. ಚಿತ್ರಗಳ ಒಡೆತನ ಆಕೆಗಿಲ್ಲ, ಮಾನಸಿಕ ನೋವಿಗೆ ಪರಿಹಾರ ಕೇಳಬಹುದು ಎಂದು 2022ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಉಚ್ಚ ನ್ಯಾಯಾಲಯ ಹೇಳಿತು. 2025ರ ರಾಜಿಯಲ್ಲಿ ಹಾರ್ವರ್ಡ್ ಚಿತ್ರಗಳನ್ನು ಬಿಟ್ಟುಕೊಡಲು ಒಪ್ಪಿತು. ಇಷ್ಟಕ್ಕೆ 175 ವರ್ಷ ಬೇಕಾಯಿತು.

ಬೆತ್ತಲೆ ಚಿತ್ರದ ಮುಂದೆ ನಿಂತಾಗ ಚೆಂದವೋ ಅಶ್ಲೀಲವೋ ಎಂದು ಕೇಳುವ ಮುಂಚೆ, ಬಿಚ್ಚಿಸಿದವರು ಯಾರು, ಚಿತ್ರ ಯಾರ ಬೀರುವಿನಲ್ಲಿದೆ ಎಂದು ಕೇಳಬೇಕು. ಈ ಬರಹದ ಜೊತೆ ಡೀಲಿಯಾಳ ಚಿತ್ರ ಹಾಕಿಲ್ಲ. ಒಪ್ಪಿಗೆ ಕೇಳೋಣವೆಂದರೆ ಅವಳಿಲ್ಲ.