ಎಳ್ಳಿನ ಚೀಲ, ಹೊತ್ತಿನ ಲೆಕ್ಕ

ಪ್ರತಿ ವರ್ಷ ಜನವರಿ ಮೊದಲ ವಾರ ಹೈದರಾಬಾದಿನ ನಮ್ಮ ಮನೆಯಿಂದ ಧಾರವಾಡಕ್ಕೆ ಒಂದು ಪಾರ್ಸೆಲ್ ಹೋಗುತ್ತದೆ. ಒಳಗೆ ಇರುವುದು ಹೆಚ್ಚೇನಲ್ಲ. ಅಂಗೈ ಅಗಲದ ಇಪ್ಪತ್ತೋ ಇಪ್ಪತ್ತೈದೋ ನೂಲಿನ ಚೀಲಗಳು. ಬಾಯಿಗೆ ಎಳೆದು ಕಟ್ಟುವ ದಾರ, ದಾರದ ತುದಿಗೆ ಒಂದೊಂದು ಗೊಂಡೆ. ಸಂಕ್ರಾಂತಿಯ ದಿನ ನಮ್ಮ ಅಕ್ಕ, ಅತ್ತಿಗೆ ಅದರಲ್ಲಿ ಕುಸುರೆಳ್ಳು ತುಂಬಿ ಮನೆಗೆ ಬಂದವರ ಕೈಗೆ ಕೊಡುತ್ತಾರೆ. 'ಹೈದರಾಬಾದ್ ಚೀಲ ಬಂದ್ವೇನ್ರಿ?' ಅಂತ ಓಣಿಯ ಹೆಣ್ಣುಮಕ್ಕಳು ನಾಲ್ಕು ದಿನ ಮೊದಲೇ ವಿಚಾರಿಸಿಕೊಂಡು ಹೋಗುತ್ತಾರಂತೆ.

ಇವು ಕ್ರೋಶಾ ಚೀಲಗಳು. ಒಂದೇ ಒಂದು ಕೊಕ್ಕೆಸೂಜಿ, ಒಂದು ಉಂಡೆ ನೂಲು ಇದ್ದರೆ ಆಯಿತು. 1987ರಲ್ಲಿ ಮೊದಲ ಸಲ ಕಳಿಸಿದಾಗ ನಮ್ಮವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, 'ಏನವಾ ಇದು, ಬರೇ ತೂತ ಅದಾವಲ್ಲ! ಎಳ್ಳು ನಿಂದರತಾವೇನು ಇದರಾಗ?' ಅಂದಿದ್ದಳು. ಅವಳು ಕಸೂತಿಯ ಕೈ. ಎಳೆ ಎಣಿಸಿ ಗವಂತಿ, ಮುರಗಿ ಹಾಕಿದರೆ ಸೀರೆಯ ಎದುರು ಯಾವುದು ಹಿಂದು ಯಾವುದು ಗೊತ್ತಾಗುತ್ತಿರಲಿಲ್ಲ. ಅಂಥವಳಿಗೆ ತೂತನ್ನೇ ಹೆಣೆಯುವ ಈ ಕಲೆ ತಮಾಷೆಯಾಗಿ ಕಂಡಿದ್ದರೆ ತಪ್ಪಲ್ಲ. ಅವಳ ಮಾತೂ ಖರೇ ಆಯಿತು. ಎಳ್ಳು ದಾರಿಯುದ್ದಕ್ಕೂ ಉದುರಿತು. ಮರುವರ್ಷದಿಂದ ಒಳಗೆ ಗುಳೇದಗುಡ್ಡದ ಖಣದ ತುಂಡು ಅಸ್ತರು ಹಾಕತೊಡಗಿದೆ. ಬಿಳಿ ಹೆಣಿಗೆಯ ತೂತುಗಳಿಂದ ಖಣದ ಕೆಂಪು ಇಣುಕುವುದು ಚೆಂದವೂ ಆಯಿತು.

ನಾನು ಮದುವೆಯಾಗಿ ಈ ಊರಿಗೆ ಬಂದದ್ದು 1986ರಲ್ಲಿ. ಕಾಚಿಗುಡದ ಹತ್ತಿರ ಬಾಡಿಗೆ ಮನೆ. ಆ ಭಾಗದಲ್ಲಿ ಕನ್ನಡದವರು ಇಲ್ಲದಿಲ್ಲ. 1956ರ ತನಕ ಬೀದರ, ಕಲಬುರಗಿ, ರಾಯಚೂರು ಇದೇ ಹೈದರಾಬಾದಿನ ಆಡಳಿತದಲ್ಲಿದ್ದವಲ್ಲ, ಆಗಿನಿಂದ ಬಂದು ನಿಂತ ಮನೆತನಗಳು ಎಷ್ಟೋ. ಆದರೆ ಹೊಸದಾಗಿ ಬಂದವಳಿಗೆ ಅವರ ಗುರುತಾದರೂ ಹೇಗೆ ಹತ್ತಬೇಕು? ಮನೆಯವರು ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೋದರೆ ಸಂಜೆ ಏಳರ ತನಕ ನನ್ನ ಬಾಯಿಗೆ ಕೆಲಸವಿರಲಿಲ್ಲ. ಕೆಳಗಿನ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಮಗನ ಜೊತೆ ಇದ್ದರು. ಗೋದಾವರಿ ಸೀಮೆಯವರು, ನರಸಾಪುರದ ಪಕ್ಕದ ಹಳ್ಳಿ. ಎಲ್ಲರೂ ಅವರನ್ನು 'ಪಿನ್ನಿಗಾರು' ಅನ್ನುತ್ತಿದ್ದರು, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ಮಧ್ಯಾಹ್ನ ಬಾಗಿಲಲ್ಲಿ ಕೂತು ಬೆರಳು ನೋಡದೆಯೇ ಲೇಸು ಹೆಣೆಯುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಒಂದು ದಿನ ಕೈಗೆ ಸೂಜಿ ಕೊಟ್ಟರು. ನನ್ನ ಸೂಜಿ ಅವರಿಗೆ ಸೂದಿ, ನನ್ನ ದಾರ ಅವರಿಗೆ ದಾರಂ, ನೂಲು ಇಬ್ಬರಿಗೂ ನೂಲು. ತೆಲುಗು ನನಗೆ ಬಂದದ್ದು ಹೀಗೆ, ಸೂಜಿಯ ಹಿಂದೆ ದಾರ ಬಂದ ಹಾಗೆ.

ಮೊದಲು ಕಲಿಸಿದ್ದು ಸಣ್ಣ ಚೀಲ. ದೊಡ್ಡ ಹಾಸು ಮುಗಿಯದೆ ಬೇಸರ ಬರುತ್ತದೆ, ಚೀಲ ಎರಡು ದಿನಕ್ಕೆ ಮುಗಿದು ಖುಷಿ ಕೊಡುತ್ತದೆ ಅನ್ನುವುದು ಅವರ ಲೆಕ್ಕ. ಎಲೆ ಅಡಿಕೆ ಇಡಲು ನಮ್ಮಜ್ಜಿಯ ಸೊಂಟದಲ್ಲಿ ಚಂಚಿ ಇರುತ್ತಿತ್ತು, ಇಲ್ಲಿನವರ ಕೈಯಲ್ಲಿ ಬಟುವಾ. ಅವುಗಳ ಸಾಲಿಗೆ ನನ್ನ ಎಳ್ಳಿನ ಚೀಲ ಸೇರಿತು. ಅದನ್ನು ಕೊಡುವ ನೆಪದಲ್ಲಿ ನಾಲ್ಕು ಕನ್ನಡದ ಮನೆ ಹೊಕ್ಕೆ. ಅಲ್ಲಿಂದ ಮುಂದೆ ಈ ಊರು ನನಗೆ ಪರಊರು ಅನ್ನಿಸಲಿಲ್ಲ.

ಇನ್ನು ನನ್ನ ತಪ್ಪಿನ ಕಥೆ. 1994ರ ಸಂಕ್ರಾಂತಿಗೆ ನಮ್ಮ ಕಡೆಯ ಹೆಂಗಸರ ಒಂದು ಗುಂಪಿನವರು ಅರಿಸಿನ-ಕುಂಕುಮದ ಉಡುಗೊರೆಗೆ ನೂರು ಚೀಲ ಬೇಕೆಂದರು. ನಲವತ್ತು ನಾನು ಮಾಡುವುದು, ಅರವತ್ತು ಪಿನ್ನಿಗಾರು ಅವರ ಅಣ್ಣನ ಮಕ್ಕಳು ಊರಲ್ಲಿ ಮಾಡಿ ಕಳಿಸುವುದು ಎಂದಾಯಿತು. ದುಡ್ಡಿನ ಮಾತು ಬಂದಾಗ, 'ನೂಲಿನ ಖರ್ಚು ಕೊಡೋಣು, ಮ್ಯಾಲೆ ಚೀಲಕ್ಕ ಎರಡು ರೂಪಾಯಿ ಇಟ್ಟರಾತು. ಹೆಂಗೂ ಬಿಡುವಿನ್ಯಾಗ ಮಾಡೋ ಕೆಲಸ' ಅಂತ ಅಂದವರು ಬೇರೆ ಯಾರೂ ಅಲ್ಲ, ನಾನೇ. ನೂರಿಪ್ಪತ್ತು ರೂಪಾಯಿಯನ್ನು ಲಕೋಟೆಯಲ್ಲಿ ಹಾಕಿ ಪಿನ್ನಿಗಾರು ಕೈಗೆ ಕೊಟ್ಟೆ.

ಅವರು ಎಣಿಸಿದರು. ಸಿಟ್ಟು ಮಾಡಲಿಲ್ಲ. 'ಅಮ್ಮಾಯಿ, ಇಲ್ಲಿ ಕೂತು ಒಂದು ಚೀಲ ಹೆಣಿ. ಗಡಿಯಾರ ನೋಡಿಕೊಂಡು ಹೆಣಿ' ಅಂದರು. ಎಂಟು ವರ್ಷ ಹೆಣೆದಿದ್ದೆ, ಒಂದು ದಿನವೂ ಗಡಿಯಾರ ನೋಡಿರಲಿಲ್ಲ. ನಡುವೆ ಏಳದೆ, ಮಾತಾಡದೆ ಮುಗಿಸಿದರೂ ಮೂರು ತಾಸು ಹತ್ತು ನಿಮಿಷ ಆಯಿತು. ಅರವತ್ತು ಚೀಲಕ್ಕೆ ನೂರಾ ತೊಂಬತ್ತು ತಾಸು. ದಿನಕ್ಕೆ ಎಂಟು ತಾಸಿನಂತೆ ಹಿಡಿದರೆ ಇಪ್ಪತ್ನಾಲ್ಕು ದಿನ, ಅಂದರೆ ದಿನದ ಕೂಲಿ ಐದು ರೂಪಾಯಿ. ಆ ಹುಡುಗಿಯರ ಕೈ ನನ್ನದಕ್ಕಿಂತ ಎರಡು ಪಟ್ಟು ಚುರುಕು ಅಂದುಕೊಂಡರೂ ಹತ್ತು ರೂಪಾಯಿ. ಪಿನ್ನಿಗಾರು ತಾವು ಎಂಟನೇ ವಯಸ್ಸಿನಲ್ಲಿ ಸೂಜಿ ಹಿಡಿದದ್ದನ್ನು ಹೇಳಿದರು. ಏಜೆಂಟ್ ಬಂದು ನೂಲು ಕೊಟ್ಟು ಹೋಗುತ್ತಿದ್ದ, ಹೆಣೆದದ್ದನ್ನು ಎಣಿಸಿ ಒಯ್ಯುತ್ತಿದ್ದ. 'ನೂಲಿಗೆ ಲೆಕ್ಕ ಇತ್ತಮ್ಮಾ, ಹೊತ್ತಿಗೆ ಲೆಕ್ಕ ಇರಲಿಲ್ಲ' ಅಂದರು.

ಗುಂಪಿನವರ ಹತ್ತಿರ ಹೋಗಿ ಇನ್ನಷ್ಟು ಕೇಳಿದೆ. 'ಪ್ರೀತಿಲೆ ಕೊಡೋದಕ್ಕ ರೇಟ್ ಕಟ್ತೀರೇನ್ರಿ?' ಅಂತ ನಕ್ಕರು. ಕೈಯಿಂದ ಒಂದಿಷ್ಟು ಸೇರಿಸಿ ಕೊಟ್ಟೆ, ಪೂರ್ತಿ ಕೊಡಲಿಲ್ಲ. ಮರುವರ್ಷ ಕೇಳಿದಾಗ ಆ ಹುಡುಗಿಯರು ಪುರುಸೊತ್ತಿಲ್ಲ ಅಂದುಬಿಟ್ಟರು. 'ಬಿಡುವು' ಅನ್ನುವ ನನ್ನ ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಈ ಹೆಣಿಗೆ ಬಿಡುವಿನ ಕೆಲಸ ಅಂತ ಅನ್ನಿಸಿಕೊಂಡದ್ದು ಎಲ್ಲಿಂದ ಅಂತ ಸಿಕ್ಕಲ್ಲೆಲ್ಲ ಓದತೊಡಗಿದೆ.

ಕ್ರೋಶೆ ಅಂದರೆ ಫ್ರೆಂಚಿನಲ್ಲಿ ಸಣ್ಣ ಕೊಕ್ಕೆ. ಸೋಜಿಗವೆಂದರೆ, ಅಚ್ಚಾದ ಕ್ರೋಶಾ ಮಾದರಿಗಳಲ್ಲಿ ತೀರಾ ಹಳೆಯವು ಚೀಲಗಳೇ. 1823ರಲ್ಲಿ ಹಾಲೆಂಡಿನ 'ಪೆನೆಲೊಪೆ' ಎಂಬ ಹೆಂಗಸರ ಪತ್ರಿಕೆಯಲ್ಲಿ ಐದು ಕೈಚೀಲಗಳ ಬಣ್ಣದ ಚಿತ್ರ ಬಂತು. ಅವುಗಳಲ್ಲಿ ಮೂರು ರೇಷ್ಮೆ ನೂಲಿನಲ್ಲಿ ಕೊಕ್ಕೆಸೂಜಿಯಿಂದ ಹೆಣೆಯುವಂಥವು. ಆಗ ಯುರೋಪಿನಲ್ಲಿ ಉಳ್ಳವರ ಮನೆಯ ಹೆಣ್ಣುಮಕ್ಕಳು ನಾಣ್ಯದ ಚೀಲ ಹೆಣೆದು ಅಣ್ಣನಿಗೋ ಮದುವೆಯಾಗುವ ಗಂಡಿಗೋ ಉಡುಗೊರೆ ಕೊಡುವುದು ರೂಢಿ. ಉದ್ದನೆಯ ಚೀಲ, ನಡುವೆ ಸೀಳು, ಎರಡು ಉಂಗುರ ಸರಿಸಿದರೆ ಎರಡೂ ತುದಿಯ ನಾಣ್ಯ ಭದ್ರ. ಕೋಲ್ಕತ್ತದಲ್ಲಿ ಹುಟ್ಟಿದ ಥ್ಯಾಕರೆ 1847–48ರಲ್ಲಿ ಬರೆದ 'ವ್ಯಾನಿಟಿ ಫೇರ್' ಕಾದಂಬರಿಯಲ್ಲಿ ಬೆಕಿ ಶಾರ್ಪ್ ಹಸಿರು ರೇಷ್ಮೆಯ ಚೀಲ ಹೆಣೆಯುತ್ತಲೇ, ನಮ್ಮ ದೇಶದಲ್ಲಿ ಕಲೆಕ್ಟರನಾಗಿದ್ದ ಒಬ್ಬ ದಡ್ಡ ಶ್ರೀಮಂತನನ್ನು ಬಲೆಗೆ ಹಾಕಲು ನೋಡುತ್ತಾಳೆ. ಅವನ ಎರಡೂ ಕೈಗೆ ಅದೇ ರೇಷ್ಮೆ ಸುತ್ತಿ ಕೂರಿಸಿರುತ್ತಾಳೆ. ಅದು ಕ್ರೋಶಾ ಅಲ್ಲ, ಬಲೆ ಹೆಣಿಗೆ. ಆದರೂ ಆ ಮನೆಗಳಲ್ಲಿ ಚೀಲ ಅಂದರೆ ಹೊತ್ತು ಹೋಗಲಿಕ್ಕೆ ಮಾಡುವಂಥದ್ದು ಅಂತ ಅದರಿಂದ ತಿಳಿಯುತ್ತದೆ. ಬಿಡುವು ಇದ್ದದ್ದು ಅವರಿಗೆ.

ಆ ಕಾದಂಬರಿ ಅಚ್ಚಾಗುತ್ತಿದ್ದ ವರ್ಷಗಳಲ್ಲೇ ಪಕ್ಕದ ಐರ್ಲೆಂಡಿನಲ್ಲಿ ಅದೇ ಕೊಕ್ಕೆಯ ಕಥೆ ಬೇರೆಯಾಗಿತ್ತು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರ ಹೊಟ್ಟೆಗೆ ಬೇರೆ ಆಹಾರವೇ ಇರಲಿಲ್ಲ. ಬರ ಮುಗಿಯುವುದರೊಳಗೆ ಸುಮಾರು 10 ಲಕ್ಷ ಜನ ಸತ್ತರು, ಅಷ್ಟಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಕಾರ್ಕ್ ಪಟ್ಟಣದ ಹತ್ತಿರ ಬ್ಲ್ಯಾಕ್‌ರಾಕ್‌ನಲ್ಲಿ ಅರ್ಸುಲೈನ್ ಕ್ರೈಸ್ತ ಸಂನ್ಯಾಸಿನಿಯರು ಬಡ ಹುಡುಗಿಯರಿಗೆ ಕ್ರೋಶಾ ಕಲಿಸಿದರು. 1847ರಲ್ಲಿ ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ ಅದನ್ನೇ ಶುರು ಮಾಡಿದಳು. ಹಳೆಯ ಪದ್ಧತಿಯ ಲೇಸಿಗೆ ದಿಂಬು, ಕಡ್ಡಿಗಳು, ವರ್ಷಗಟ್ಟಲೆ ಅಭ್ಯಾಸ ಬೇಕು. ಕ್ರೋಶಾಕ್ಕೆ ಒಂದು ಕೊಕ್ಕೆ ಸಾಕು, ಬೇಗ ಕೈ ಹತ್ತುತ್ತದೆ. ಒಬ್ಬಳು ಗುಲಾಬಿ, ಇನ್ನೊಬ್ಬಳು ಎಲೆ, ಮತ್ತೊಬ್ಬಳು ಅವನ್ನೆಲ್ಲ ಜೋಡಿಸುವುದು. ಎಷ್ಟೋ ಮನೆಗಳ ಒಲೆ ಹೊತ್ತಿದ್ದು ಅದರಿಂದ. ಆದರೆ ಲಂಡನ್ನು, ಪ್ಯಾರಿಸಿನ ಅಂಗಡಿಯಲ್ಲಿ ಅದನ್ನು ಕೊಳ್ಳುವ ಹೆಂಗಸಿಗೆ ಹೆಣೆದವಳ ಹಸಿವು ಕಾಣುವಂತಿರಲಿಲ್ಲ.

19ನೇ ಶತಮಾನದಲ್ಲೇ ಮಿಶನರಿಗಳು ಲೇಸಿನ ಕೆಲಸವನ್ನು ಗೋದಾವರಿ ಸೀಮೆಗೆ ತಂದರು. ಅಲ್ಲಿಯೂ ಮೊದಲು ಕಲಿತವರು ಬಡ ಹೆಣ್ಣುಮಕ್ಕಳು. ಆಮೇಲಿನದು ನೀರಿನ ಕಥೆ. 1852ರಲ್ಲಿ ಆರ್ಥರ್ ಕಾಟನ್ ಧವಳೇಶ್ವರದ ಅಣೆಕಟ್ಟು ಮುಗಿಸಿದ ಮೇಲೆ ಗೋದಾವರಿಯ ಮುಖಜಭೂಮಿ ಹಸಿರಾಯಿತು. ಕೈಯಲ್ಲಿ ನಾಲ್ಕು ಕಾಸು ಆಡಿದ ರೈತ ಮನೆತನಗಳಲ್ಲಿ ಹೆಂಗಸರು ಗದ್ದೆಗೆ ಇಳಿಯದೆ ಮನೆಯೊಳಗಿರುವುದು ಮರ್ಯಾದೆಯ ಗುರುತಾಯಿತು. ಎಲ್ಲ ಮನೆಗಳಲ್ಲೂ ಸಿರಿ ಉಳಿಯಲಿಲ್ಲ, ಮರ್ಯಾದೆ ಉಳಿಯಿತು. ಹೊಸಿಲು ದಾಟದೆ ನಾಲ್ಕು ಕಾಸು ಗಳಿಸಲು ಲೇಸು ಹೇಳಿ ಮಾಡಿಸಿದ ಹಾಗಿತ್ತು. ನೂಲು ಮನೆಗೇ ಬರುತ್ತದೆ, ಹೂವು ಮನೆಯಿಂದಲೇ ಹೋಗುತ್ತದೆ. ಹೂಗಳನ್ನು ಕೂಡಿಸುವ ಕೆಲಸಕ್ಕೆ ಅಲ್ಲಿ 'ಅತುಕುಪನಿ' ಅನ್ನುತ್ತಾರೆ. ಹೂವು ಹೆಣೆದವಳು ಪೂರ್ತಿ ಹಾಸನ್ನು ನೋಡಿರುವುದೇ ಇಲ್ಲ, ಅದು ಹಡಗು ಹತ್ತಿ ಹೋಗುತ್ತದೆ.

ಪುಣೆಯಲ್ಲಿ ಓದುತ್ತಿದ್ದ ನನ್ನ ಮಗಳು ಒಂದು ರಜೆಗೆ ಗ್ರಂಥಾಲಯದ ಪುಸ್ತಕವೊಂದನ್ನು ತಂದು, 'ಅಮ್ಮಾ, ಇದು ನಿಮ್ಮ ಪಿನ್ನಿಗಾರು ಕಥೆ' ಅಂದಳು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ನರಸಾಪುರದ ಲೇಸು ಹೆಂಗಸರ ಬಗ್ಗೆ ಬರೆದು 1982ರಲ್ಲಿ ಹೊರತಂದದ್ದು. 1960ರ ದಶಕದಲ್ಲಿ ಅವರು ಅದೇ ಪುಣೆಯಲ್ಲಿ ಜರ್ಮನ್ ಭಾಷೆ ಕಲಿಸುತ್ತಿದ್ದರು. ನಿಘಂಟು ಪಕ್ಕಕ್ಕಿಟ್ಟುಕೊಂಡು ಒಂದು ತಿಂಗಳಲ್ಲಿ ಓದಿ ಮುಗಿಸಿದೆ. ದಿನಕ್ಕೆ ಆರೆಂಟು ತಾಸು ಹೆಣೆದು, ಪರದೇಶದ ಮಾರುಕಟ್ಟೆಗೆ ಸರಕು ಒದಗಿಸುವ ಹೆಂಗಸರನ್ನು ಕೆಲಸಗಾರರು ಅಂತ ಯಾರೂ ಎಣಿಸುವುದಿಲ್ಲ, ಮನೆಯಲ್ಲಿ ಕೂತ ಗೃಹಿಣಿಯರು ಅನ್ನುತ್ತಾರೆ. ಬಿಡುವಿನಲ್ಲಿ ಮಾಡುತ್ತಾರೆ ಅನ್ನುವ ಆ ಒಂದು ಮಾತೇ ಕೂಲಿಯನ್ನು ಕೆಳಗೆ ಇಡುತ್ತದೆ. ನಡುವಿನ ಲಾಭವೆಲ್ಲ ಏಜೆಂಟರಿಗೆ, ರಫ್ತುದಾರರಿಗೆ. ಓದುತ್ತ ಹೋದ ಹಾಗೆ ನನ್ನ ಎರಡು ರೂಪಾಯಿ ಕಣ್ಣ ಮುಂದೆ ಬರುತ್ತಿತ್ತು. ನಾನು ರಫ್ತುದಾರಳಲ್ಲ, ಏಜೆಂಟಳಲ್ಲ. ಸಂಕ್ರಾಂತಿಗೆ ಪ್ರೀತಿಯಿಂದ ಎಳ್ಳು ಕೊಡುವವಳು. ಆದರೂ ಅವರ ಮಾತೇ ನನ್ನ ಬಾಯಲ್ಲಿ ಬಂದಿತ್ತು. ನನಗೆ ನಿಜವಾಗಿ ಬಿಡುವಿತ್ತು, ಹಾಗಾಗಿ ಸೂಜಿ ಹಿಡಿದವರಿಗೆಲ್ಲ ಬಿಡುವಿದೆ ಅಂದುಕೊಂಡಿದ್ದೆ.

ಜನವರಿ ಬಂದರೆ ಈ ಊರಿನ ನಾಂಪಲ್ಲಿಯಲ್ಲಿ ನುಮಾಯಿಶ್ ಹಾಕುತ್ತಾರೆ. 1938ರಲ್ಲಿ ನಿಜಾಮರ ಕಾಲದಲ್ಲಿ ಶುರುವಾದ ದೊಡ್ಡ ಪ್ರದರ್ಶನ ಅದು. ಅಲ್ಲಿ ಲೇಸು ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಮೊದಲೆಲ್ಲ 'ನಾನೂ ಹಾಕ್ತೀನಿ, ನನಗೆ ಗೊತ್ತು' ಅಂತ ಜೋರಿನಿಂದ ಚೌಕಾಸಿ ಮಾಡುತ್ತಿದ್ದೆ. ಗೊತ್ತಿದ್ದವರು ಚೌಕಾಸಿ ಮಾಡಬಾರದು ಅನ್ನುವುದು ತಿಳಿಯಲು ಇಷ್ಟು ವರ್ಷ ಹಿಡಿಯಿತು. ಯಂತ್ರದ ಲೇಸೂ ಈಗ ರಾಶಿ ರಾಶಿ ಬರುತ್ತದೆ. ದೂರದಿಂದ ಕ್ರೋಶಾದ ಹಾಗೆಯೇ ಕಾಣುತ್ತದೆ, ಹತ್ತಿರ ಹಿಡಿದರೆ ಗುಟ್ಟು ರಟ್ಟು. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಜಿಐ ಮಾನ್ಯತೆ ಸಿಕ್ಕಿತು, ನಮ್ಮ ಕಸೂತಿಗೆ ಮೊದಲೇ ಸಿಕ್ಕ ಹಾಗೆ. ಊರಿನ ಹೆಸರಿಗೆ ಕಾವಲು ಬಂತು, ಸಂತೋಷ. ಹೆಣೆಯುವವರ ಹೊತ್ತಿಗೆ ಬೆಲೆ ಕಟ್ಟುವುದು ಮಾತ್ರ ಕೊಳ್ಳುವ ನಮ್ಮ ಕೈಯಲ್ಲೇ ಉಳಿದಿದೆ.

ಪಿನ್ನಿಗಾರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಉಕ್ಕಿನ ಸೂಜಿ ನನ್ನ ಹತ್ತಿರ ಇದೆ, ಹಿಡಿಯುವ ಕಡೆ ಸವೆದು ನಂಬರು ಅಳಿಸಿ ಹೋಗಿದೆ.

ಮೊನ್ನೆ ಧಾರವಾಡದಿಂದ ಅಣ್ಣನ ಮಗಳ ಫೋನು. 'ಅತ್ಯಾ, ಮಗಳ ಮದುವ್ಯಾಗ ಬಂದವರಿಗೆ ಅರಿಸಿನ-ಕುಂಕುಮದ ಜೋಡಿ ಕೊಡಾಕ ನೂರು ಚೀಲ ಮಾಡಿ ಕಳಸ್ತೀಯೇನು?'

'ಇಪ್ಪತ್ತು ನಾನು ಮಾಡಿಕೊಡ್ತೀನಿ, ಅದು ನನ್ನ ಆಹೇರಿ. ಉಳಿದ ಎಂಬತ್ತು ನರಸಾಪುರದಾಗ ಹೇಳಿ ಮಾಡಸ್ತೀನಿ. ಒಂದೊಂದಕ್ಕ ಇಷ್ಟು ತಾಸು, ತಾಸಿಗೆ ಇಷ್ಟು' ಅಂತ ಲೆಕ್ಕ ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಾನೂ ಸುಮ್ಮನಿದ್ದೆ. ಕೊನೆಗೆ ಅವಳು, 'ಹಂಗಾದರ ಎಂಬತ್ತು ಬ್ಯಾಡ ಅತ್ಯಾ, ಮೂವತ್ತು ಹೇಳು. ರೊಕ್ಕ ನೀ ಹೇಳಿದಷ್ಟೇ ಕಳಸ್ತೀನಿ' ಅಂದಳು.

ಮೂವತ್ತಕ್ಕೆ ಹೇಳಿದ್ದೇನೆ. ನನ್ನ ಇಪ್ಪತ್ತರಲ್ಲಿ ಹನ್ನೊಂದು ಆಗಿವೆ.