ಊರಂಚಿನ ಸೈಟಿನಲ್ಲಿ ಮನೆ ಕಟ್ಟಬಹುದೇ? ಫಾರ್ವರ್ಡ್ ಹೇಳುವುದೆಷ್ಟು, ಮುಚ್ಚಿಡುವುದೆಷ್ಟು

ನಮ್ಮ ತಂಡದ ಒಬ್ಬರಿಗೆ ಅವರ ಚಿಕ್ಕಪ್ಪನಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫಾರ್ವರ್ಡ್ ಬಂತು. "ತುಮಕೂರು ರಸ್ತೆಗೆ ಐದೇ ನಿಮಿಷ. ಮೆಟ್ರೋ ಬರ್ತಿದೆ. ಇ-ಖಾತಾ ರೆಡಿ. ಬಾಡಿಗೆ ಕಟ್ಟೋ ದುಡ್ಡಲ್ಲೇ ಸ್ವಂತ ಮನೆ. ಕೆಲವೇ ಸೈಟು ಉಳಿದಿವೆ!" ಅದರ ಕೆಳಗೆ ಚಿಕ್ಕಪ್ಪನೇ ಬರೆದಿದ್ದರು: "ನೋಡಮ್ಮಾ, ಇದು ಸರಿಯಿದ್ಯಾ? ಭಾನುವಾರ ಟೋಕನ್ ಕೊಡ್ತೀನಿ ಅಂದ್ಬಿಟ್ಟಿದೀನಿ."

ಸೈಟಿಗೆ ಅವರ ನಿವೃತ್ತಿಯ ಹಣ, ಮನೆ ಕಟ್ಟಲು ಮಗನ ಹೆಸರಲ್ಲಿ ಸಾಲ. ಇಬ್ಬರ ದುಡಿಮೆ ಒಂದೇ ಜಾಗಕ್ಕೆ ಸೇರುತ್ತದೆ. ಹಾಗಾಗಿ ಆ ಸಂದೇಶದ ಒಂದೊಂದು ಮಾತನ್ನೂ, ಸೈಟು ಮಾರುವವರು ಸಾಮಾನ್ಯವಾಗಿ ಹೇಳುವ ಇನ್ನಷ್ಟು ಮಾತುಗಳನ್ನೂ ಬಿಡಿಸಿ ನೋಡಿದೆವು. ಇಲ್ಲಿನ ಉದಾಹರಣೆಗಳು ಬೆಂಗಳೂರಿನ ಅಂಚಿನವು.

ಹೇಳಿಕೆ 1: "ರಿಜಿಸ್ಟರ್ ಆದರೆ ಸೈಟು ನಿಮ್ಮದೇ"

ಪೂರ್ತಿ ನಿಜವಲ್ಲ. ಇಂಥವರು ಇಂಥವರಿಗೆ ಇಷ್ಟು ಹಣಕ್ಕೆ ಮಾರಿದರು ಎಂಬುದನ್ನು ಸಬ್ ರಿಜಿಸ್ಟ್ರಾರ್ ಕಚೇರಿ ದಾಖಲಿಸುತ್ತದೆ. ಮಾರಿದವರಿಗೆ ಆ ಜಾಗದ ಮೇಲೆ ನಿಜವಾಗಿ ಹಕ್ಕಿತ್ತೇ ಎಂಬುದಕ್ಕೆ ಆ ಕಚೇರಿ ಖಾತರಿ ಕೊಡುವುದಿಲ್ಲ. ಅದನ್ನು ಹುಡುಕಿ ನೋಡುವುದು ಕೊಳ್ಳುವವರ ಕೆಲಸ.

ಮುಖ್ಯವಾಗಿ ಮೂರು ಕಡೆ ಜನ ಎಡವುತ್ತಾರೆ. ಮೊದಲನೆಯದು ಜಿಪಿಎ. ಬರೀ ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಎರಡನೆಯದು ಗ್ರ್ಯಾಂಟ್ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ಅದಕ್ಕೆಂದೇ 1978ರ ಪಿಟಿಸಿಎಲ್ ಕಾಯ್ದೆ ಇದೆ. ಅನುಮತಿ ಇಲ್ಲದ ಮಾರಾಟ ರದ್ದಾಗಿ ಭೂಮಿ ಮೂಲ ಕುಟುಂಬಕ್ಕೆ ಮರಳಬಹುದು. 2023ರ ತಿದ್ದುಪಡಿಯ ನಂತರ ಇಂಥ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಮೂರನೆಯದು ಪಾಲುದಾರರು. ಅಣ್ಣ ಒಬ್ಬನೇ ಸಹಿ ಹಾಕಿ ಮಾರಿದ ಪಿತ್ರಾರ್ಜಿತ ಜಮೀನಿಗೆ ತಂಗಿ ಕೋರ್ಟಿಗೆ ಹೋಗಿ ತನ್ನ ಪಾಲು ಕೇಳಬಹುದು.

ಹೇಳಿಕೆ 2: "ಇ-ಖಾತಾ ಇದೆ, ಎಲ್ಲಾ ಲೀಗಲ್"

ದಾರಿ ತಪ್ಪಿಸುವ ಮಾತು. ಖಾತಾ ಎಂದರೆ ತೆರಿಗೆ ವಸೂಲಿಗೆ ಸ್ಥಳೀಯ ಸಂಸ್ಥೆ ಇಟ್ಟುಕೊಳ್ಳುವ ಲೆಕ್ಕ. ಅದು ಕಾಗದದಿಂದ ಕಂಪ್ಯೂಟರಿಗೆ ಬಂದರೆ ಇ-ಖಾತಾ. ಎ ಖಾತಾ ಇದ್ದರೂ ಇ-ಖಾತಾ ಸಿಗುತ್ತದೆ, ಬಿ ಖಾತಾ ಇದ್ದರೂ ಸಿಗುತ್ತದೆ. ಹಾಗಾಗಿ ಮುಂದೆ "ಇ" ಇದೆಯೋ ಇಲ್ಲವೋ ಎಂಬುದರ ಬದಲು ಒಳಗೆ "ಎ" ಎಂದಿದೆಯೋ "ಬಿ" ಎಂದಿದೆಯೋ ಎಂಬುದನ್ನು ನೋಡಬೇಕು. ಗ್ರಾಮ ಪಂಚಾಯಿತಿಯ ಜಾಗವಾದರೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದೆಯೇ, ಬರೀ 11ಬಿ ಇದೆಯೇ ಎಂದು ನೋಡಿ. ಇವೆರಡೂ ಒಂದೇ ಅಲ್ಲ. ಬೆಂಗಳೂರಿನಲ್ಲಿ ಬಿ ಖಾತಾವನ್ನು ಎ ಮಾಡಿಸಿಕೊಳ್ಳಲು 2025ರಲ್ಲಿ ಸರ್ಕಾರ ತಂದ ಯೋಜನೆಯಲ್ಲಿ ಮಾರ್ಗಸೂಚಿ ಬೆಲೆಯ ಶೇ. 5ರಷ್ಟು ಶುಲ್ಕ ಇಡಲಾಯಿತು. ಎರಡೂ ಒಂದೇ ಆಗಿದ್ದರೆ ಈ ಶುಲ್ಕದ ಮಾತೇ ಬರುತ್ತಿರಲಿಲ್ಲ.

ಇದರ ಜೊತೆಗೇ ಓಡಾಡುವ ಇನ್ನೊಂದು ಮಾತು: "ಈಗ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು, ಮನೆ ಕಟ್ಟಬಹುದು." ಮೊದಲರ್ಧ ನಿಜ. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಆದರೆ ಅಲ್ಲಿ ಬಡಾವಣೆ ಮಾಡಿ ಮನೆ ಕಟ್ಟಬೇಕಾದರೆ ಸಾಮಾನ್ಯವಾಗಿ ಭೂ ಪರಿವರ್ತನೆ, ಅಂದರೆ ಡಿಸಿ ಕನ್ವರ್ಷನ್ ಆಗಿರಬೇಕು. ಕನ್ವರ್ಷನ್ ಆಗಿದ್ದರೂ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇರೆಯೇ ಬೇಕು. ಈ ಎರಡನೆಯದು ಇಲ್ಲದಿದ್ದರೆ ಬ್ರೋಷರ್‌ನಲ್ಲಿ ಕಾಣುವ 30 ಅಡಿ ರಸ್ತೆ, ಪಾರ್ಕು ಯಾವ ಸರ್ಕಾರಿ ದಾಖಲೆಯಲ್ಲೂ ಇರುವುದಿಲ್ಲ. ನಾಳೆ ಆ ರಸ್ತೆಗೆ ಯಾರಾದರೂ ಬೇಲಿ ಹಾಕಿದರೆ ನಿಮ್ಮ ಮನೆಗೆ ದಾರಿಯೇ ಇಲ್ಲದಂತಾಗಬಹುದು.

ಹೊಸ ಬಡಾವಣೆ 500 ಚದರ ಮೀಟರ್ ದಾಟಿದರೆ ಮಾರುವ ಮೊದಲು ರೇರಾದಲ್ಲಿ ನೋಂದಣಿ ಆಗಿರಬೇಕು. 30×40 ಅಳತೆಯ ಐದು ಸೈಟು ಸೇರಿದರೆ ಅಷ್ಟಾಗುತ್ತದೆ. ಜಾಹೀರಾತಿನಲ್ಲಿ ರೇರಾ ಸಂಖ್ಯೆ ಇಲ್ಲದಿದ್ದರೆ ಕೇಳಿ. ಕೊಟ್ಟರೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ.

ಹೇಳಿಕೆ 3: "ಬೋರ್ ಕೊರೆಸಿದರಾಯ್ತು, ಕಾವೇರಿಯೂ ಬರುತ್ತೆ"

ನಮ್ಮ ಪ್ರಕಾರ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇದನ್ನೇ. ಕಾಗದದ ತೊಡಕನ್ನು ಎಷ್ಟೋ ಸಲ ಹಣ, ಸಮಯ ಖರ್ಚು ಮಾಡಿ ಬಿಡಿಸಬಹುದು. ನೆಲದಡಿ ಇಲ್ಲದ ನೀರನ್ನು ತರಿಸಲಾಗದು.

ಬೆಂಗಳೂರಿನ ಸುತ್ತಲ ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ ಮಾತ್ರ. ಪಕ್ಕದ ಸೈಟಿನ ಬೋರ್ ಒಂದು ಬಿರುಕನ್ನು ತಾಗಿ ಅಲ್ಲಿ ನೀರು ಉಕ್ಕಬಹುದು, ನಿಮ್ಮ ಸೈಟಿನಲ್ಲಿ ಬರೀ ಪುಡಿ ಏಳಬಹುದು. ನೀರು ಸಿಕ್ಕರೂ ಹತ್ತು ಮನೆಯಿದ್ದ ಕಡೆ ನೂರು ಮನೆಯಾದಾಗ ಎಲ್ಲರೂ ಎಳೆಯುವುದು ಅದೇ ಬಿರುಕುಗಳಿಂದ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ್ದರು.

ಇನ್ನು ಕಾವೇರಿ. 2007ರಲ್ಲಿ 110 ಹಳ್ಳಿಗಳನ್ನು ಬೆಂಗಳೂರು ಪಾಲಿಕೆಗೆ ಸೇರಿಸಲಾಯಿತು. ಅವುಗಳಿಗೆಂದು ರೂಪಿಸಿದ ಕಾವೇರಿ 5ನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ್ದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಊರು ನಗರಕ್ಕೆ ಸೇರಿ ನೀರಿನ ಯೋಜನೆ ಮುಗಿಯುವ ಹೊತ್ತಿಗೆ 17 ವರ್ಷ ಕಳೆದಿತ್ತು. 2007ರಲ್ಲಿ ಹುಟ್ಟಿದ ಮಗು ಆ ಹೊತ್ತಿಗೆ ಪಿಯುಸಿ ಓದುತ್ತಿತ್ತು. ಇದು ಪಾಲಿಕೆಯ ಗಡಿಯೊಳಗಿನ ಕಥೆ. ಗಡಿಯಾಚೆಯ ಪಂಚಾಯಿತಿಯಲ್ಲಿ "ಇನ್ನೇನು ಕಾವೇರಿ ಬಂತು" ಎನ್ನುವವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಪೈಪ್ ಎಲ್ಲಿಯವರೆಗೆ ಬಂದಿದೆ, ತೋರಿಸಿ.

ಟ್ಯಾಂಕರ್ ಲೆಕ್ಕವನ್ನೂ ಹಾಕೋಣ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡ ಹಿಡಿದರೆ ನಾಲ್ವರ ಮನೆಗೆ ತಿಂಗಳಿಗೆ 16,200 ಲೀಟರ್ ಬೇಕು. ಅಂದರೆ 6,000 ಲೀಟರಿನ ಮೂರು ಟ್ಯಾಂಕರ್. 2024ರ ಬಿಕ್ಕಟ್ಟಿನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಇಂಥ ಒಂದು ಟ್ಯಾಂಕರಿಗೆ 5 ಕಿ.ಮೀ. ಒಳಗೆ 600 ರೂ., 10 ಕಿ.ಮೀ. ವರೆಗೆ 750 ರೂ. ಎಂದು ದರ ನಿಗದಿ ಮಾಡಿತ್ತು. ಆ ದರದಲ್ಲಿ ತಿಂಗಳಿಗೆ 1,800ರಿಂದ 2,250 ರೂ. ಹಣಕ್ಕಿಂತ ದೊಡ್ಡ ತಲೆನೋವು ಬೇಸಿಗೆಯಲ್ಲಿ ಟ್ಯಾಂಕರ್ ಸಮಯಕ್ಕೆ ಬರುತ್ತದೆಯೇ ಎಂಬುದು.

ನೀರಿನ ಗುಣಮಟ್ಟದ ಬಗ್ಗೆಯೂ ಒಂದು ತಪ್ಪು ನಂಬಿಕೆ ಇದೆ. ಟಿಡಿಎಸ್ ಮೀಟರ್ ಅದ್ದಿ "ನೀರು ಚೆನ್ನಾಗಿದೆ" ಎನ್ನುತ್ತಾರೆ. ಆ ಮೀಟರ್ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು ಮಾತ್ರ ಕೊಡುತ್ತದೆ. ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದಿಲ್ಲ. ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಎಂದು ಬಿಡಿಸಿ ಹೇಳಲೂ ಬರುವುದಿಲ್ಲ. ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಪ್ರತಿ ಮನೆಗೂ ಒಂದು ಪಿಟ್, ಅದರ ಪಕ್ಕದಲ್ಲೇ ಬೋರ್. ಪಿಟ್‌ನಿಂದ ಇಂಗಿದ್ದು ಬೋರ್ ನೀರಿಗೆ ಸೇರುವ ಅಪಾಯ ಇದ್ದೇ ಇದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅಕ್ಕಪಕ್ಕದ ಮನೆಯ ಬೋರ್ ನೀರನ್ನು ಬಾಟಲಿಯಲ್ಲಿ ತಂದು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ.

ಹೇಳಿಕೆ 4: "ಮೆಟ್ರೋ, ರಿಂಗ್ ರೋಡ್ ಬರುತ್ತೆ, ರೇಟು ಡಬಲ್"

ಬರಬಹುದು. ಯಾವಾಗ ಎಂಬುದೇ ಪ್ರಶ್ನೆ. ಇದೇ ತುಮಕೂರು ರಸ್ತೆಯಲ್ಲಿ ನಾಗಸಂದ್ರದವರೆಗೆ ಮೆಟ್ರೋ ಬಂದದ್ದು 2015ರ ಮೇ ತಿಂಗಳಲ್ಲಿ. ಅಲ್ಲಿಂದ ಸುಮಾರು 3 ಕಿ.ಮೀ. ಮುಂದಿನ ಮಾದಾವರ ತಲುಪಿದ್ದು 2024ರ ನವೆಂಬರ್‌ನಲ್ಲಿ. ಪೆರಿಫೆರಲ್ ರಿಂಗ್ ರೋಡ್ ಕಥೆ ಇನ್ನೂ ಉದ್ದ. 2005ರಲ್ಲಿ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ ಆಯಿತು. ಆಮೇಲೆ ಹೆಸರು ಬದಲಾಯಿತೇ ಹೊರತು ಎರಡು ದಶಕ ಕಳೆದರೂ ರಸ್ತೆ ಆಗಲಿಲ್ಲ. ಅದರ ಗೆರೆಯೊಳಗೆ ಜಮೀನು ಸಿಕ್ಕಿಕೊಂಡವರು ಮಾರಲಾಗದೆ, ಕಟ್ಟಲಾಗದೆ ಕಾದರು. ಯೋಜನೆ ಹತ್ತಿರದಲ್ಲಿ ಹಾದುಹೋದರೆ ಬೆಲೆ ಏರುತ್ತದೆ, ನಿಮ್ಮ ಸೈಟಿನ ಮೇಲೇ ಹಾದುಹೋದರೆ ಸೈಟೇ ಹೋಗುತ್ತದೆ.

ಬೆಲೆ ಏರಿದರೂ ಅಲ್ಲಿ ವಾಸ ಮಾಡುವವರಿಗೆ ಅದರಿಂದ ನೇರ ಲಾಭವಿಲ್ಲ. ಇರುವ ಮನೆಯನ್ನು ಮಾರಿದರೆ ಇನ್ನೊಂದು ಮನೆ ಬೇಕಲ್ಲ. ದಿನವೂ ಅನುಭವಿಸಬೇಕಾದ್ದು ಪ್ರಯಾಣವನ್ನು. ಕೆಲಸಕ್ಕೆ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಎಂದರೆ 22 ದಿನಕ್ಕೆ 66 ಗಂಟೆ. ಎಂಟು ತಾಸಿನ ಕೆಲಸದ ಲೆಕ್ಕದಲ್ಲಿ ತಿಂಗಳಿಗೆ ಎಂಟು ದಿನ ರಸ್ತೆಯಲ್ಲೇ.

ಹೇಳಿಕೆ 5: "ಬಾಡಿಗೆ ದುಡ್ಡಲ್ಲೇ ಇಎಂಐ"

ಒಂದು ಉದಾಹರಣೆ ನೋಡೋಣ. 40 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 34,700 ರೂ. ಕೊನೆಗೆ ಕಟ್ಟುವ ಒಟ್ಟು ಮೊತ್ತ 83 ಲಕ್ಷ ದಾಟುತ್ತದೆ. ನೀವು ಈಗ ಕಟ್ಟುವ ಬಾಡಿಗೆಯ ಪಕ್ಕದಲ್ಲಿ ಈ ಅಂಕಿ ಇಟ್ಟು ನೋಡಿ.

ಸಂದೇಶದಲ್ಲಿ ಬಿಟ್ಟುಹೋಗುವ ಖರ್ಚು ಬೇರೆ ಇವೆ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಸುಮಾರು ಶೇ. 7.6 ಆಗುತ್ತದೆ. 30 ಲಕ್ಷದ ಸೈಟಿಗೆ ಇದೇ 2.28 ಲಕ್ಷ. ಬೋರ್, ಸಂಪು, ಕಾಂಪೌಂಡ್, ಕರೆಂಟ್ ಮೀಟರ್ ಖರ್ಚು ಆಮೇಲೆ. ಮನೆ ಕಟ್ಟುವಷ್ಟು ತಿಂಗಳೂ ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಸಾಲದ ಬಡ್ಡಿ ಎರಡನ್ನೂ ಹೊರಬೇಕು. ಬಹಳಷ್ಟು ಮನೆಗಳು ತಾರಸಿ ಹಾಕಿ ನಿಂತುಬಿಡುವುದು ಇದೇ ಹಂತದಲ್ಲಿ.

ಯಾರೂ ಹೇಳದ ವಿಷಯ: ಸೈಟು ತಗ್ಗಿನಲ್ಲಿದೆಯೇ?

ಬೇಸಿಗೆಯಲ್ಲಿ ಎಲ್ಲಾ ಸೈಟೂ ಒಣಗಿಯೇ ಇರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ ಕಡೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್‌ನಲ್ಲಿ ಹೊರಗೆ ತಂದದ್ದು ನೆನಪಿರಬಹುದು. ಕೆರೆಯಿಂದ ಕೆರೆಗೆ ನೀರು ಹರಿಯುವ ದಾರಿ ರಾಜಕಾಲುವೆ. ಅದನ್ನು ಮುಚ್ಚಿ ಸೈಟು ಮಾಡಿದರೂ ಮಳೆನೀರು ತನ್ನ ಹಳೇ ದಾರಿಯನ್ನೇ ಹುಡುಕುತ್ತದೆ. ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ಅದು ಯಾವ ಸರ್ವೆ ನಂಬರಿನಲ್ಲಿದೆ, ಅಲ್ಲಿ ಸರ್ಕಾರಿ ಜಾಗ, ಕೆರೆ, ಕಾಲುವೆ ಇದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು. ಪಹಣಿಯಲ್ಲಿ ಖರಾಬು ಎಷ್ಟು ಗುಂಟೆ ಎಂಬುದನ್ನೂ ಗಮನಿಸಿ.

ಹಾಗಾದರೆ ಕಟ್ಟಲೇಬಾರದೇ?

ಹಾಗೇನಿಲ್ಲ. ನಗರದೊಳಗೆ ಸೈಟು ಕೊಳ್ಳಲಾಗದ ಎಷ್ಟೋ ಕುಟುಂಬಗಳಿಗೆ ಊರಂಚೇ ದಾರಿ. ಚೆನ್ನಾಗಿ ನೆಲೆಯಾದವರೂ ಬೇಕಾದಷ್ಟು ಜನ ಇದ್ದಾರೆ. ಸೈಟು ಕೊಳ್ಳುವುದು ಮತ್ತು ಅಲ್ಲಿ ಮನೆ ಕಟ್ಟಿ ಬಾಳುವುದು ಎರಡು ಬೇರೆ ತೀರ್ಮಾನಗಳು ಎಂಬುದಷ್ಟೇ ನಮ್ಮ ಮಾತು. ಮುಂದೆ ಬರುತ್ತದೆ ಎನ್ನುವುದನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿ, ಇವತ್ತು ಇರುವ ನೀರು, ದಾರಿ, ಬಸ್ಸು, ಶಾಲೆ, ಆಸ್ಪತ್ರೆಯಲ್ಲೇ ಹತ್ತು ವರ್ಷ ಬದುಕಬಹುದೇ ಎಂದು ಮನೆಯವರೆಲ್ಲ ಕೂತು ಯೋಚಿಸಿ. ಹೌದು ಎಂದಾದರೆ ಕಟ್ಟಿ. ಕಾಗದ ಸರಿಯಿದ್ದು ನೀರಿಲ್ಲದಿದ್ದರೆ ಸೈಟು ಇಟ್ಟುಕೊಂಡು ಕಾಯಬಹುದು. ಕಾಗದವೇ ಸರಿಯಿಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಕಟ್ಟುವುದಾದರೆ ಮಳೆನೀರು ಹಿಡಿಯಲು ಮೊದಲೇ ಜಾಗ ಬಿಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆಯಾಗುತ್ತದೆ. 1,000 ಚದರ ಅಡಿ ತಾರಸಿಯಿಂದ ಶೇ. 80ರಷ್ಟು ಹಿಡಿದರೂ ವರ್ಷಕ್ಕೆ 70,000 ಲೀಟರ್ ದಾಟುತ್ತದೆ. ಮೇಲಿನ ಲೆಕ್ಕದ ಪ್ರಕಾರ ಅದು ನಾಲ್ಕು ತಿಂಗಳ ನೀರು.

ಟೋಕನ್ ಕೊಡುವ ಮೊದಲು

1. ಕಾವೇರಿ ತಂತ್ರಾಂಶದಲ್ಲಿ ಇಸಿ ತೆಗೆಸಿ. 2004ರ ಹಿಂದಿನದ್ದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ.
2. ಮೂಲ ಪಹಣಿ, ಮ್ಯುಟೇಶನ್, ವಂಶವೃಕ್ಷ, ಕನ್ವರ್ಷನ್ ಆದೇಶ, ಅನುಮೋದಿತ ಬಡಾವಣೆ ನಕ್ಷೆ ಕೇಳಿ.
3. ಮಾರುವವರು ತೋರಿಸಿದ ವಕೀಲರ ಬಳಿ ಹೋಗದೆ ನೀವೇ ಹುಡುಕಿದ ವಕೀಲರಿಗೆ ಕಾಗದ ತೋರಿಸಿ.
4. ಅದೇ ಕಾಗದ ಹಿಡಿದು ಬ್ಯಾಂಕಿನಲ್ಲಿ ಗೃಹಸಾಲ ಸಿಗುತ್ತದೆಯೇ ಎಂದು ವಿಚಾರಿಸಿ. ಬ್ಯಾಂಕ್ ಹಿಂಜರಿದರೆ ಕಾರಣ ಕೇಳಿಕೊಳ್ಳಿ.
5. ಏಪ್ರಿಲ್‌ನಲ್ಲಿ ಒಮ್ಮೆ, ಜೋರು ಮಳೆ ಬಂದ ಮರುದಿನ ಒಮ್ಮೆ, ಕೆಲಸದ ದಿನ ಬೆಳಿಗ್ಗೆ ಎಂಟಕ್ಕೆ ಒಮ್ಮೆ ಜಾಗಕ್ಕೆ ಹೋಗಿ.
6. ಆಗಲೇ ಮನೆ ಕಟ್ಟಿರುವವರ ಬಾಗಿಲು ತಟ್ಟಿ, ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ.

ಚಿಕ್ಕಪ್ಪ ಆ ಭಾನುವಾರ ಟೋಕನ್ ಕೊಡಲಿಲ್ಲ. ಎರಡನೇ ಸಾಲಿನ ಕಾಗದಗಳನ್ನು ಕೇಳಿದಾಗ ಏಜೆಂಟ್ "ಬೇರೆ ಪಾರ್ಟಿ ರೆಡಿ ಇದ್ದಾರೆ" ಎಂದರಂತೆ, ಕಾಗದ ಮಾತ್ರ ಇನ್ನೂ ಬಂದಿಲ್ಲ. ಸೈಟು ನೋಡುತ್ತಿರುವವರು ನಿಮ್ಮ ಮನೆಯಲ್ಲೂ ಇದ್ದರೆ ಈ ಪಟ್ಟಿಯನ್ನು ಅವರಿಗೆ ಕಳಿಸಿ.